867 ಮತದಾರರು, ಐದು ಲೆಕ್ಕ: ಅಮೆರಿಕದ ಚುನಾವಣಾ ಸಮೀಕ್ಷೆ ಸಾಗಿ ಬಂದ ದಾರಿ

2016ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ಪ್ರಯೋಗ ಮಾಡಿತು. ಸಿಯೆನಾ ಕಾಲೇಜಿನ ಜೊತೆಗೂಡಿ ಫ್ಲಾರಿಡಾದ 867 ಮತದಾರರನ್ನು ಮಾತಾಡಿಸಿ, ಅವರ ಉತ್ತರಗಳನ್ನು ಇದ್ದದ್ದು ಇದ್ದಂತೆ ನಾಲ್ಕು ಪರಿಣತ ತಂಡಗಳ ಕೈಗೆ ಕೊಟ್ಟಿತು. ಯಾರು ಮುಂದಿದ್ದಾರೆ, ಎಷ್ಟು ಮುಂದಿದ್ದಾರೆ ಎಂದು ಪ್ರತಿಯೊಂದು ತಂಡವೂ ತಾನೇ ಲೆಕ್ಕ ಹಾಕಬೇಕಿತ್ತು. ಹಿಲರಿ ಕ್ಲಿಂಟನ್ 4 ಪಾಯಿಂಟ್ (ಇಬ್ಬರ ಶೇಕಡಾ ಪಾಲಿನ ನಡುವಿನ ಅಂತರ) ಮುಂದೆ ಎಂದಿತು ಒಂದು ತಂಡ. ಇನ್ನೊಂದರ ಲೆಕ್ಕದಲ್ಲಿ ಆ ಮುನ್ನಡೆ 3, ಮತ್ತೊಂದರಲ್ಲಿ 1. ನಾಲ್ಕನೆಯ ತಂಡಕ್ಕೆ ಡೊನಾಲ್ಡ್ ಟ್ರಂಪ್ 1 ಪಾಯಿಂಟ್ ಮುಂದೆ ಕಂಡರು. ಪತ್ರಿಕೆಯ ಸ್ವಂತ ಲೆಕ್ಕ ಕ್ಲಿಂಟನ್ 1 ಪಾಯಿಂಟ್ ಮುಂದೆ ಎಂದಿತ್ತು. ಮಾತಾಡಿದ ಜನ ಅವರೇ, ಕೊಟ್ಟ ಉತ್ತರವೂ ಅದೇ. ಆದರೂ ಈ ತುದಿಯಿಂದ ಆ ತುದಿಗೆ 5 ಪಾಯಿಂಟ್ ಅಂತರ. ನವೆಂಬರ್‌ನಲ್ಲಿ ಟ್ರಂಪ್ ಅಲ್ಲಿ 1.2 ಪಾಯಿಂಟ್‌ನಿಂದ ಗೆದ್ದರು.

ಟಿವಿ ಪರದೆಯ ಮೇಲೆ ಇಂಥ ಒಂದು ಅಂಕಿ ಮೂಡಿದಾಗ ಅದು ಥರ್ಮಾಮೀಟರ್‌ನಲ್ಲಿ ಕಂಡ ಜ್ವರದಷ್ಟೇ ಖಚಿತವಾಗಿ ತೋರುತ್ತದೆ. ಅದರ ಹಿಂದೆ ಯಾರೋ ಕೂತು ಮಾಡಿದ ಹತ್ತಾರು ತೀರ್ಮಾನಗಳಿವೆ. ಅವು ಯಾಕೆ ಬೇಕಾದವು ಎಂಬುದೇ ಈ ವಿಷಯದ ಗಂಟು.

1824ರಲ್ಲೇ ಪೆನ್ಸಿಲ್ವೇನಿಯಾದ ಪತ್ರಿಕೆಯೊಂದು ಜನರನ್ನು ಕೇಳಿ ಅಧ್ಯಕ್ಷ ಹುದ್ದೆಯ ಅಭ್ಯರ್ಥಿಗಳಲ್ಲಿ ಜಾಕ್ಸನ್‌ಗೆ 335, ಆಡಮ್ಸ್‌ಗೆ 169 ಮತ ಎಂದು ಅಚ್ಚು ಹಾಕಿತ್ತು. 1936ರಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿ, 23 ಲಕ್ಷಕ್ಕೂ ಹೆಚ್ಚು ವಾಪಸ್ ಪಡೆದು, ಅಧ್ಯಕ್ಷ ರೂಸ್‌ವೆಲ್ಟ್ ಎದುರು ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ವಿಳಾಸ ಹೆಕ್ಕಿದ್ದು ಬಹುಪಾಲು ಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿ ಪಟ್ಟಿಗಳಿಂದ, ಆಗ ಅವೆರಡೂ ಇದ್ದದ್ದು ಹೆಚ್ಚಾಗಿ ಉಳ್ಳವರಿಗೆ; ಸಾಲದ್ದಕ್ಕೆ, ಉತ್ತರ ಬರೆದು ಕಳಿಸಿದವರ ಒಲವೇ ಬೇರೆ, ಕಳಿಸದವರದೇ ಬೇರೆ. 1948ರಲ್ಲಿ ಗ್ಯಾಲಪ್ ಸೇರಿ ಎಲ್ಲ ಪ್ರಮುಖ ಸಂಸ್ಥೆಗಳೂ ಡ್ಯೂಯಿ ಗೆಲ್ಲುತ್ತಾರೆ ಎಂದು ನಂಬಿ ಮತದಾನಕ್ಕೆ ವಾರಗಳ ಮೊದಲೇ ಕೇಳುವುದನ್ನು ನಿಲ್ಲಿಸಿದ್ದವು. ಗೆದ್ದದ್ದು ಟ್ರೂಮನ್. ಇಷ್ಟು ಗಂಡಸರು, ಇಷ್ಟು ಹೆಂಗಸರು ಎಂಬ ಕೋಟಾ ತುಂಬಿಸುವ ಪದ್ಧತಿ ಆಮೇಲೆ ಹಿಂದೆ ಸರಿದು, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಜನರನ್ನು ಆರಿಸುವ ಕ್ರಮ ನೆಲೆಯೂರಿತು. 1970ರ ದಶಕದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಫೋನ್ ಬಂದಿತ್ತು. ಮನಬಂದಂತೆ ಅಂಕೆ ಜೋಡಿಸಿ ನಂಬರ್ ತಿರುಗಿಸಿದರೆ ಸಾಕು, ದೇಶದ ಒಂದು ಮಾದರಿ ಸಿಗುತ್ತಿತ್ತು. ಸಮೀಕ್ಷೆಯ ಒಳ್ಳೆಯ ಕಾಲ ಅದು.

ಆ ಕಾಲ ಕೈಜಾರಿದ ಬಗೆಯನ್ನು ಪ್ಯೂ ಸಂಶೋಧನಾ ಕೇಂದ್ರದ ಮೂರು ಅಂಕಿಗಳು ಹೇಳುತ್ತವೆ. ಅದರ ಫೋನ್ ಸಮೀಕ್ಷೆಗಳಿಗೆ ಉತ್ತರಿಸುತ್ತಿದ್ದವರು 1997ರಲ್ಲಿ ಶೇ 36, 2012ರಲ್ಲಿ ಶೇ 9, 2018ರಲ್ಲಿ ಶೇ 6. ಅಂದರೆ ಸಾವಿರ ಜನರ ಮಾತು ಕೇಳಲು ಸುಮಾರು ಹದಿನೇಳು ಸಾವಿರ ಜನರ ಬಾಗಿಲು ತಟ್ಟಬೇಕು. ಅನುಮತಿಯಿಲ್ಲದೆ ಯಂತ್ರದಿಂದ ಮೊಬೈಲ್‌ಗೆ ಕರೆ ಮಾಡುವುದನ್ನು 1991ರ ಕಾಯ್ದೆ ತಡೆದಿದ್ದರಿಂದ ಕೈಯಿಂದಲೇ ಡಯಲ್ ಮಾಡಬೇಕಾಯಿತು, ಖರ್ಚು ಏರಿತು. ಉತ್ತರಿಸುವ ಆ ಆರು ಮಂದಿ ಉಳಿದ ತೊಂಬತ್ನಾಲ್ಕು ಮಂದಿಯಂತೆಯೇ ಯೋಚಿಸಿದರೆ ತೊಂದರೆಯಿಲ್ಲ. ಆದರೆ ಫೋನ್ ಎತ್ತುವವರಲ್ಲಿ ವಯಸ್ಸಾದವರು ಹೆಚ್ಚು, ಓದಿದವರು ಹೆಚ್ಚು.

ಇಲ್ಲಿಂದ ಶುರುವಾಗುವುದೇ ತೂಕ ಕೊಡುವ ಕೆಲಸ: ಅತಿಯಾಗಿ ಸಿಕ್ಕವರ ಉತ್ತರವನ್ನು ಕಡಿಮೆಯಾಗಿ, ಕಡಿಮೆ ಸಿಕ್ಕವರದನ್ನು ಹೆಚ್ಚಾಗಿ ಎಣಿಸುವುದು. ಒಂದು ಕಾಲ್ಪನಿಕ ಲೆಕ್ಕ ನೋಡಿ. ಮತದಾರರಲ್ಲಿ ಪದವೀಧರರು ಶೇ 40 ಇದ್ದಾರೆ, ಫೋನಿಗೆ ಸಿಕ್ಕವರಲ್ಲಿ ಶೇ 55 ಇದ್ದಾರೆ ಎನ್ನಿ. ಪದವೀಧರರಲ್ಲಿ ಶೇ 60, ಉಳಿದವರಲ್ಲಿ ಶೇ 45 ಮಂದಿ ‘ಅ’ ಅಭ್ಯರ್ಥಿಯ ಕಡೆ. ಬಂದ ಉತ್ತರಗಳನ್ನು ಹಾಗೇ ಕೂಡಿದರೆ ‘ಅ’ಗೆ ಶೇ 53.25. ಒಬ್ಬೊಬ್ಬ ಪದವೀಧರರನ್ನು 0.73 ಎಂದೂ ಉಳಿದವರನ್ನು 1.33 ಎಂದೂ ಎಣಿಸಿದರೆ ಶೇ 51. ಇಬ್ಬರೇ ಕಣದಲ್ಲಿದ್ದರೆ ಆರೂವರೆ ಪಾಯಿಂಟ್ ಮುನ್ನಡೆ ಎರಡಕ್ಕೆ ಇಳಿಯಿತು. 2016ರಲ್ಲಿ ಅನೇಕ ರಾಜ್ಯ ಸಮೀಕ್ಷೆಗಳು ವಯಸ್ಸು, ಲಿಂಗ, ಜನಾಂಗಕ್ಕೆ ತೂಕ ಕೊಟ್ಟು ಓದನ್ನು ಬಿಟ್ಟಿದ್ದವು. ಅದೇ ವರ್ಷ ಮತದಾರರು ಓದಿನ ಗೆರೆಯಲ್ಲಿ ಹಿಂದೆಂದಿಗಿಂತ ಸ್ಪಷ್ಟವಾಗಿ ಎರಡಾಗಿದ್ದರು. ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಟ್ರಂಪ್ ಅವರ ಮುನ್ನಡೆ 80 ಸಾವಿರಕ್ಕಿಂತ ಕಡಿಮೆ ಮತ. ರಾಜ್ಯವಾರು ಗೆಲುವಿನ ಲೆಕ್ಕದಲ್ಲಿ ಅಧ್ಯಕ್ಷ ಪದವಿ ನಿರ್ಧಾರವಾದದ್ದು ಅಲ್ಲಿ.

ತೂಕ ಹೆಚ್ಚಾದರೂ ಅಪಾಯವೇ. ಅದೇ ಚುನಾವಣೆಯ ಒಂದು ಸಮೀಕ್ಷೆಯಲ್ಲಿ ಇಲಿನಾಯ್‌ನ 19 ವರ್ಷದ ಕಪ್ಪು ಯುವಕನೊಬ್ಬನ ಉತ್ತರವನ್ನು ಸರಾಸರಿಯವರ 30 ಪಟ್ಟು ಎಣಿಸಲಾಗಿತ್ತು. ಸುಮಾರು ಮೂರು ಸಾವಿರ ಜನರ ಆ ಗುಂಪಿನಲ್ಲಿ ಅವನೊಬ್ಬ ಟ್ರಂಪ್ ಪರವಾಗಿದ್ದದ್ದರಿಂದ ರಾಷ್ಟ್ರಮಟ್ಟದ ಅಂಕಿಯೇ ಅಲುಗುತ್ತಿತ್ತು.

2020ಕ್ಕೆ ಓದಿನ ತೂಕ ಬಹುತೇಕ ಕಡೆ ಸೇರಿತು. ತಪ್ಪು ಮಾತ್ರ ಇನ್ನೂ ದೊಡ್ಡದಾಯಿತು: ರಾಷ್ಟ್ರೀಯ ಸಮೀಕ್ಷೆಗಳ ದೋಷ 40 ವರ್ಷಗಳಲ್ಲೇ ಅತಿ ಹೆಚ್ಚು ಎಂದು ಸಮೀಕ್ಷಕರ ಸಂಘವೇ ವರದಿ ಕೊಟ್ಟಿತು, ಕಾರಣ ಇಂಥದ್ದೇ ಎಂದು ಅದಕ್ಕೂ ಹೇಳಲಾಗಲಿಲ್ಲ. ಒಂದೇ ಊರು, ಒಂದೇ ವಯಸ್ಸು, ಒಂದೇ ಓದಿನ ಇಬ್ಬರಲ್ಲಿ ಕರೆ ಎತ್ತುವವರು ಒಂದು ಕಡೆ, ಎತ್ತದವರು ಇನ್ನೊಂದು ಕಡೆ ಮತ ಹಾಕಿದರೆ ಇಂಥ ಯಾವ ತೂಕವೂ ಅದನ್ನು ಸರಿಮಾಡಲಾರದು. ಹಾಗಾಗಿ 2024ರಲ್ಲಿ ಅನೇಕರು ‘ಕಳೆದ ಸಲ ಯಾರಿಗೆ ಹಾಕಿದ್ದಿರಿ’ ಎಂದು ಕೇಳಿ, ಆ ಉತ್ತರವನ್ನು 2020ರ ಫಲಿತಾಂಶಕ್ಕೆ ಹೊಂದಿಸಿದರು. ದೋಷ ಇಳಿಯಿತು, ಆದರೂ ಟ್ರಂಪ್ ಬಲ ಮೂರನೆಯ ಸಲವೂ ಕಡಿಮೆಯೇ ಕಂಡಿತು. ಈ ಹೊಂದಾಣಿಕೆ ಮಾಡದ, ಹಿಂದೆ ಒಳ್ಳೆಯ ಹೆಸರಿದ್ದ ಅಯೋವಾ ಸಮೀಕ್ಷೆಯೊಂದು ಕಮಲಾ ಹ್ಯಾರಿಸ್ 3 ಪಾಯಿಂಟ್ ಮುಂದೆ ಎಂದಿತ್ತು. ಅಲ್ಲಿ ಟ್ರಂಪ್ 13 ಪಾಯಿಂಟ್‌ನಿಂದ ಗೆದ್ದರು.

ಸುದ್ದಿಮನೆಗಳು ಇದನ್ನೆಲ್ಲ ಓದುಗರಿಗೆ ತಲುಪಿಸುವುದು ‘ದೋಷಮಿತಿ ±3’ ಎಂಬ ಒಂದು ಸಾಲಿನಲ್ಲಿ, ಅಂದರೆ ನಿಜವಾದ ಅಂಕಿ 3 ಪಾಯಿಂಟ್ ಆಚೀಚೆ ಇರಬಹುದು ಎಂದು. ಸಾವಿರ ಜನರ ಮಾದರಿಗೆ ಅದು ಸರಿಯಾದ ಲೆಕ್ಕವೇ, ಆದರೆ ಅನ್ವಯಿಸುವುದು ಒಬ್ಬ ಅಭ್ಯರ್ಥಿಯ ಪಾಲಿಗೆ. ಇಬ್ಬರ ನಡುವಿನ ಅಂತರಕ್ಕೆ ಅದು ಹೆಚ್ಚುಕಡಿಮೆ ಇಮ್ಮಡಿ, ಅಂದರೆ ±6. ಅದೂ ಸ್ಯಾಂಪಲ್‌ನ ಅದೃಷ್ಟದ ಲೆಕ್ಕ ಮಾತ್ರ. ಫೋನ್ ಎತ್ತದವರು, ತೂಕದ ಆಯ್ಕೆ, ‘ಮತ ಹಾಕುವ ಸಾಧ್ಯತೆ ಇರುವವರು’ ಯಾರೆಂಬ ಊಹೆ ಅದರಲ್ಲಿ ಬರುವುದಿಲ್ಲ. 600ಕ್ಕೂ ಹೆಚ್ಚು ಚುನಾವಣೆಗಳ ನಾಲ್ಕು ಸಾವಿರದಷ್ಟು ಸಮೀಕ್ಷೆಗಳನ್ನು ಫಲಿತಾಂಶದ ಜೊತೆ ತಾಳೆ ನೋಡಿದ ಸಂಶೋಧಕರಿಗೆ, ನಿಜವಾದ ದೋಷ ಅಚ್ಚಾದದ್ದರ ಸುಮಾರು ಎರಡು ಪಟ್ಟು ಎಂದು ಕಂಡಿತು. ಹೀಗಿದ್ದೂ 48–46 ಎಂಬುದು ‘ಮುನ್ನಡೆ’ ಎಂದೇ ತಲೆಬರಹವಾಗುತ್ತದೆ. ಮರುವಾರ 47–47 ಬಂದರೆ ‘ಕುಸಿತ’, ಜೊತೆಗೆ ಕುಸಿತದ ಕಾರಣಗಳ ಒಂದು ಗಂಟೆ ಚರ್ಚೆ.

ಅಂಕಿ ಮಾತಿನಲ್ಲೇ ನಿಲ್ಲುವುದೂ ಇಲ್ಲ. 2015ರ ಆಗಸ್ಟ್‌ನಲ್ಲಿ ರಿಪಬ್ಲಿಕನ್ ಪಕ್ಷದ 17 ಆಕಾಂಕ್ಷಿಗಳಲ್ಲಿ ಮೊದಲ ಟಿವಿ ಚರ್ಚೆಯ ಮುಖ್ಯ ವೇದಿಕೆಗೆ ಯಾರು ಎಂಬುದನ್ನು ಐದು ರಾಷ್ಟ್ರೀಯ ಸಮೀಕ್ಷೆಗಳ ಸರಾಸರಿ ನಿರ್ಧರಿಸಿತು. ಹತ್ತು ಮಂದಿ ಒಳಗೆ, ಏಳು ಮಂದಿ ಅದೇ ಸಂಜೆ ಬೇಗ ನಡೆದ ಬೇರೆ ಕಾರ್ಯಕ್ರಮಕ್ಕೆ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ ಶುರುವಾಗಲು ಇನ್ನೂ ಐದಾರು ತಿಂಗಳಿತ್ತು. ಆ ಹೊತ್ತಿನಲ್ಲಿ ಸಮೀಕ್ಷೆ ಅಳೆಯುವುದು ಹೆಚ್ಚಾಗಿ ಹೆಸರಿನ ಪರಿಚಯವನ್ನು, ಹೆಸರು ಪರಿಚಯವಾಗುವುದು ಟಿವಿಯಿಂದ, ಟಿವಿಯ ವೇದಿಕೆ ಸಿಗುವುದು ಸಮೀಕ್ಷೆಯಿಂದ.

ಈಗ ಫೋನ್ ಬಿಟ್ಟು ಆನ್‌ಲೈನ್‌ಗೆ ಬಂದವರೇ ಹೆಚ್ಚು. ಅಗ್ಗದ ದಾರಿ ಎಂದರೆ ತಾವಾಗಿ ಬಂದು, ಸಣ್ಣ ಸಂಭಾವನೆಗೆ ಉತ್ತರ ಒತ್ತುವವರ ಗುಂಪು. 2023ರ ಡಿಸೆಂಬರ್‌ನಲ್ಲಿ ಇಂಥ ಒಂದು ಸಮೀಕ್ಷೆ, 30ರೊಳಗಿನ ಅಮೆರಿಕನ್ನರಲ್ಲಿ ಶೇ 20 ಮಂದಿ ಯಹೂದ್ಯರ ನರಮೇಧ ಕಟ್ಟುಕಥೆ ಎನ್ನುತ್ತಾರೆ ಎಂದಿತು. ಸುದ್ದಿ ಎಲ್ಲೆಡೆ ಹರಡಿತು. ಅಂಚೆ ವಿಳಾಸಗಳಿಂದ ಯಾದೃಚ್ಛಿಕವಾಗಿ ಆರಿಸಿದ ತನ್ನ ಗುಂಪಿಗೆ ಪ್ಯೂ ಅದೇ ಪ್ರಶ್ನೆ ಹಾಕಿದಾಗ ಬಂದದ್ದು ಶೇ 3. ತಾವಾಗಿ ಬಂದವರ ಗುಂಪನ್ನು ಅದು ಬೇರೆಯಾಗಿ ಪರೀಕ್ಷಿಸಿದಾಗ, ಅಣುಚಾಲಿತ ಜಲಾಂತರ್ಗಾಮಿ ನಡೆಸಲು ತಮಗೆ ಲೈಸೆನ್ಸ್ ಇದೆ ಎಂದು 30ರೊಳಗಿನವರಲ್ಲಿ ಶೇ 12 ಮಂದಿ ಒತ್ತಿದ್ದರು.