ಲ್ಯಾಪ್‌ಟಾಪ್‌ನಲ್ಲಿ ಹಗುರ, ಮಂಡಿಯಲ್ಲಿ ಭಾರ

ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರಿಗೆ ಲಾಟ್‌ಗಳ ಲೆಕ್ಕ ಇಡಲು ಒಂದು ವೆಬ್ ಪುಟ ಮಾಡಿಕೊಟ್ಟಿದ್ದೆ. ಮೇಲೆ ರೈತರ ಹೆಸರು ಹುಡುಕುವ ಬಾಕ್ಸ್, ಕೆಳಗೆ ಉದ್ದನೆಯ ಪಟ್ಟಿ. ಅಷ್ಟೇ. ಸೀಸನ್ ಶುರುವಾಗಿ ವಾರಕ್ಕೇ ಫೋನ್ ಬಂತು. "ಏನ್ರೀ ಸರ, ನಾ ಹೆಸರು ಒತ್ತಿ ಮುಗಿಸಿದ ಮ್ಯಾಲೆ ಅಕ್ಷರ ಕಾಣ್ತೈತಿ."

ನಾನು ಸುಮ್ನೆ ಒಪ್ಪಲಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ, ಪಟ್ಟಿ ಬದಲಿಸುವ ಕೋಡ್ ಸಾಲಿನ ಹಿಂದೆ ಮುಂದೆ ಗಡಿಯಾರದ ಹಾಗೆ ಹೊತ್ತು ಹೇಳುವ ಪರ್ಫಾರ್ಮೆನ್ಸ್.ನೌ ಇಟ್ಟು ಅಳೆದಿದ್ದೆನಲ್ಲ, ಹೆಚ್ಚೇನೂ ಹೊತ್ತು ಹಿಡಿದಿರಲಿಲ್ಲ. ಅಳತೆ ಸರಿಯಾಗಿತ್ತು, ಅಳೆದದ್ದು ಮಾತ್ರ ಬೇರೆ. ಪುಟ ಕಟ್ಟಲು ಬಳಸಿದ್ದು ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ. ಅದರಲ್ಲಿ ಸ್ಟೇಟ್ (ಪುಟ ತೋರಿಸಬೇಕಾದ ಮಾಹಿತಿ) ಬದಲಿಸುವುದು ಅಂದರೆ ಚೀಟಿ ಬರೆದು ಕೊಟ್ಟ ಹಾಗೆ. ಕೆಲಸ ಆಮೇಲೆ. ರಿಯಾಕ್ಟ್ ತನ್ನ ಲೆಕ್ಕ ಮುಗಿಸಬೇಕು, ಬ್ರೌಸರ್ ಸ್ಟೈಲ್ ನೋಡಬೇಕು, ಯಾವ ಸಾಲು ಎಲ್ಲಿ ಕೂರಬೇಕೆಂದು ಲೇಔಟ್ ಮಾಡಬೇಕು, ಕೊನೆಗೆ ಪೇಂಟ್, ಅಂದರೆ ಪರದೆಯ ಮೇಲೆ ಬಿಡಿಸುವುದು. ನಾನು ಚೀಟಿ ಬರೆಯುವ ಹೊತ್ತನ್ನಷ್ಟೇ ಹಿಡಿದಿದ್ದೆ. ಹೊತ್ತು ಅಳೆಯುವ ರಿಯಾಕ್ಟ್ ಪ್ರೊಫೈಲರ್ ಹೇಳುವುದೂ ರಿಯಾಕ್ಟ್ ಪಾಲಿನ ಕೆಲಸವನ್ನೇ. ಬ್ರೌಸರ್‌ನ ಪೇಂಟ್ ಅದರ ಲೆಕ್ಕಕ್ಕೆ ಬರುವುದಿಲ್ಲ.

ಪರದೆ ಮುಟ್ಟುವ ತನಕ ಅಳೆಯಲು ಮುಂದಿನ ಪೇಂಟ್‌ಗೆ ತುಸು ಮುಂಚೆ ಓಡುವ ರಿಕ್ವೆಸ್ಟ್‌ಆನಿಮೇಷನ್‌ಫ್ರೇಮ್ ಒಳಗೆ, ಕೆಲಸವನ್ನು ಆಮೇಲಕ್ಕೆ ಮುಂದೂಡುವ ಒಂದು ಸೆಟ್‌ಟೈಮ್‌ಔಟ್ ಇಟ್ಟು, ಅಲ್ಲಿ ಸಮಯ ನೋಡುತ್ತೇನೆ. ಪಕ್ಕಾ ಅಲ್ಲ, ಆದರೆ ನಿಜಕ್ಕೆ ಹತ್ತಿರ.

ಇನ್ನು ಫೋನ್. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ, ಅಂದರೆ ಒಂದು ಚಿತ್ರಕ್ಕೆ, ಸಿಗುವುದು 16.7 ಮಿಲಿಸೆಕೆಂಡ್. ಕ್ರೋಮ್ ಬ್ರೌಸರ್‌ನ ಪರೀಕ್ಷಾ ಸಾಧನವಾದ ಡೆವ್‌ಟೂಲ್ಸ್‌ನಲ್ಲಿ ಲ್ಯಾಪ್‌ಟಾಪ್‌ನ ಸಿಪಿಯುವನ್ನು 6 ಪಟ್ಟು ನಿಧಾನ ಮಾಡಬಹುದು, ಆದರೂ ಅದು ನಾಟಕವೇ. ನಾನು ಅಂಗಡಿಗೇ ಹೋಗಿ, ಅವರ ಫೋನ್‌ಗೆ ಕೇಬಲ್ ಹಾಕಿ ರೆಕಾರ್ಡ್ ಮಾಡಿದೆ. ಆಗ ಕಂಡಿತು. ಪ್ರತಿ ಸಾಲಿಗೂ ಎತ್ತರ ಬರೆದು, ತಕ್ಷಣ ಆಫ್‌ಸೆಟ್‌ಹೈಟ್ (ಪರದೆಯಲ್ಲಿ ಆ ಸಾಲಿನ ಎತ್ತರ) ಓದುತ್ತಿದ್ದೆ. ಬರೆದ ಕೂಡಲೇ ಓದಿದರೆ ಬ್ರೌಸರ್ ಬೇರೆ ದಾರಿಯಿಲ್ಲದೆ ಅಲ್ಲೇ ಲೇಔಟ್ ಮಾಡಬೇಕು. ನೂರಾರು ಸಾಲಿಗೆ ನೂರಾರು ಸಲ. ಮೊದಲು ಎಲ್ಲವನ್ನೂ ಓದಿ, ಆಮೇಲೆ ಒಟ್ಟಿಗೆ ಬರೆಯುವ ಹಾಗೆ ಬದಲಿಸಿದೆ. ಪರದೆಯಲ್ಲಿ ಕಾಣುವ ಸಾಲುಗಳನ್ನು ಮಾತ್ರ ಇಟ್ಟುಕೊಂಡೆ.

ಕಾಯುತ್ತಾ ಕೂತಾಗ ಪಕ್ಕದಲ್ಲಿ ಜೋಳದ ತೇವ ನೋಡುತ್ತಿದ್ದರು. ಒಂದೇ ಚೀಲ ನೋಡಿ ಯಾರೂ ದರ ಹೇಳುವುದಿಲ್ಲ, ಅಲ್ವಾ? ನಾವು ಮಾತ್ರ ಒಂದು ಸಲ ಓಡಿಸಿ "ಫಾಸ್ಟ್ ಇದೆ" ಅನ್ನುತ್ತೇವೆ, ಇಲ್ಲವೇ ಸರಾಸರಿ ತೆಗೆಯುತ್ತೇವೆ. ಒಂಬತ್ತು ಸಲ 40 ಮಿಲಿಸೆಕೆಂಡ್, ಒಂದು ಸಲ 600 ಬಂತು ಅಂದುಕೊಳ್ಳಿ. ಸರಾಸರಿ 96, ನೋಡೋಕೆ ಚೆಂದ. ಬಳಸುವವರಿಗೆ ನೆನಪಿರುವುದು ಆ 600. ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಮುಖ್ಯ ಅಳತೆಗಳಿಗೆ ಸೇರಿಸಿದ ಐಎನ್‌ಪಿ (ಇಂಟರಾಕ್ಷನ್ ಟು ನೆಕ್ಸ್ಟ್ ಪೇಂಟ್) ಇದೇ ಕಾರಣಕ್ಕೆ ನನಗೆ ಇಷ್ಟ. ಬೆರಳು ಒತ್ತಿದಾಗಿನಿಂದ ಮುಂದಿನ ಪೇಂಟ್ ತನಕ ಅದು ಎಣಿಸುತ್ತದೆ, ನಿಧಾನವಾದವುಗಳನ್ನೇ ಹಿಡಿಯುತ್ತದೆ. ಗೂಗಲ್ ಪ್ರಕಾರ ಪುಟ ಚೆನ್ನಾಗಿದೆ ಅನ್ನಲು ನೂರರಲ್ಲಿ 75 ಭೇಟಿಗಳಾದರೂ 200 ಮಿಲಿಸೆಕೆಂಡ್ ಒಳಗಿರಬೇಕು.

ಬರುವಾಗ ಗುಮಾಸ್ತರ ಹಳೆಯ ಫೋನ್ ಕೇಳಿ ಇಸ್ಕೊಂಡು ಬಂದೆ. ಗಾಜು ಒಡೆದಿದೆ, ಮೆಮೊರಿ ತುಂಬಿದೆ. ಈಗ ಯಾವ ಪುಟವನ್ನೂ ಅದರಲ್ಲಿ ಓಡಿಸದೆ ಕಳಿಸುವುದಿಲ್ಲ.