ಬಾಗಿಲಿನ ಕನ್ನಡಿ ಬಿದ್ದಿದ್ದು ದೃಷ್ಟಿಯಿಂದ ಅಲ್ಲ

ಮುಂಬೈಯ ಮಾಟುಂಗದಲ್ಲಿರುವ ನಮ್ಮ ಮಾವನ ಹಳೇ ಪದ್ಮಿನಿ ಕಾರಿಗೆ ಎಡಗಡೆ ಕನ್ನಡಿ ಇರಲಿಲ್ಲ. ಒಂದು ಗ್ಯಾರೇಜಿನಲ್ಲಿ ಬಾಗಿಲಿಗೆ ಎರಡು ಸೆಲ್ಫ್ ಟ್ಯಾಪಿಂಗ್ ಸ್ಕ್ರೂ (ತಗಡಿನಲ್ಲಿ ತಾನೇ ದಾರಿ ಕೊರೆದುಕೊಳ್ಳುವ ಸ್ಕ್ರೂ) ಹೊಡೆದು ಕೂರಿಸಿಕೊಟ್ಟರು. ಮೂರೇ ವಾರಕ್ಕೆ ಅಲುಗಾಟ ಶುರುವಾಯಿತು. ಬಿಗಿ ಮಾಡಲು ಹೋದರೆ ಸ್ಕ್ರೂ ಸುಮ್ನೆ ಸುತ್ತುತ್ತಿತ್ತು. ಒಂದು ಸಂಜೆ ಸಯನ್ ಫ್ಲೈಓವರ್ ಇಳಿಯುವಾಗ ಕನ್ನಡಿ ಕಿತ್ತುಕೊಂಡು ಬಿತ್ತು. ಗಾಡಿಗೆ ದೃಷ್ಟಿ ತಾಗಿದೆ ಅಂದರು ಮನೆಯವರು. ಮರುದಿನ ಬಂಪರಿನಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿತ್ತು.

ನನಗೆ ನಿಜವಾಗಿ ಬೇಸರವಾಯಿತು. ಕಾರಣ ಬಾಗಿಲಿನ ತೂತಿನಲ್ಲೇ ಇತ್ತು. ಕಾರಿನ ಬಾಗಿಲ ತಗಡು ಒಂದು ಮಿಲಿಮೀಟರಿನ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. 6 ಮಿ.ಮೀ. ದಪ್ಪದ ಮಾಮೂಲಿ ಎಂ6 ಬೋಲ್ಟಿನ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ ಸರಿಯಾಗಿ 1 ಮಿ.ಮೀ. ಈ ಸುತ್ತುಗಳಿಗೆ ಇಲ್ಲಿನ ಗ್ಯಾರೇಜುಗಳಲ್ಲಿ ‘ಆಟೆ’ ಅನ್ನುತ್ತಾರೆ. ಅಂದರೆ ಅಷ್ಟು ತೆಳು ತಗಡಿಗೆ ಕಚ್ಚಿಕೊಳ್ಳುವುದು ಹೆಚ್ಚೆಂದರೆ ಒಂದೇ ಆಟೆ. ಉಕ್ಕಿನಲ್ಲಿ ಬೋಲ್ಟ್ ಗಟ್ಟಿಯಾಗಿ ನಿಲ್ಲಬೇಕಾದರೆ ಅದರ ದಪ್ಪದಷ್ಟು ಆಳ, ಅಂದರೆ ಐದಾರು ಆಟೆ ಬೇಕು. ದಪ್ಪ ಸ್ಕ್ರೂ ಹಾಕಿದರೂ ತಗಡು ದಪ್ಪ ಆಗುವುದಿಲ್ಲ.

ಆಟೆ ಅಂದರೇನು? ಕಾಗದವನ್ನು ತ್ರಿಕೋನವಾಗಿ ಕತ್ತರಿಸಿ ಪೆನ್ಸಿಲ್ಲಿಗೆ ಸುತ್ತಿ ನೋಡಿ. ಓರೆ ಅಂಚು ಸುರುಳಿಯಾಗುತ್ತದೆ. ಅದೇ ಆಟೆ. ಆಗುಂಬೆ ಘಾಟಿಯ ರಸ್ತೆಯೂ ಹೀಗೇ: ನೆಟ್ಟಗೆ ಹತ್ತಲಾಗದ ಬೆಟ್ಟವನ್ನು ತಿರುವು ತಿರುವಾಗಿ ಹತ್ತುತ್ತದೆ. ಎಂ6 ಬೋಲ್ಟಿನ ರಸ್ತೆಯಲ್ಲಿ ಸುಮಾರು 17 ಮಿ.ಮೀ. ನಡೆದರೆ ಏರುವುದು 1 ಮಿ.ಮೀ. ಏರು ಇಷ್ಟು ಸಣ್ಣದಾದ್ದರಿಂದ ಬಿಗಿದ ಬೋಲ್ಟ್ ತಾನಾಗಿ ಜಾರುವುದಿಲ್ಲ, ಘರ್ಷಣೆ ತಡೆಯುತ್ತದೆ.

ಆ ಘರ್ಷಣೆ ಎಲ್ಲಿಂದ ಬರುತ್ತದೆ ಅನ್ನುವುದೇ ನನಗೆ ತುಂಬಾ ಇಷ್ಟದ ವಿಷಯ. ಬಿಗಿಯುವಾಗ ಬೋಲ್ಟ್ ರಬ್ಬರ್ ಬ್ಯಾಂಡಿನಂತೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಕನ್ನಡಿಯ ಬುಡವನ್ನು ತಗಡಿಗೆ ಅದುಮಿ ಹಿಡಿಯುತ್ತದೆ, ಆ ಒತ್ತಡದಿಂದಲೇ ಘರ್ಷಣೆ. ಸಂಜೆಯ ವಿರಾರ್ ಲೋಕಲ್ ನೆನಪಿಸಿಕೊಳ್ಳಿ. ಹಿಡಿಕೆ ಹಿಡಿಯದಿದ್ದರೂ ಬೀಳುವುದಿಲ್ಲ, ಸುತ್ತಲ ಒತ್ತಡವೇ ನಿಲ್ಲಿಸುತ್ತದೆ. ಬೊರಿವಲಿಯಲ್ಲಿ ಜನ ಇಳಿದ ಮೇಲೆ ಒಂದು ಬ್ರೇಕಿಗೇ ಮುಗ್ಗರಿಸುತ್ತೀರಿ.

ಓರೆಯಾದ ಅಡುಗೆಕಟ್ಟೆಯ ಮೇಲಿನ ಸ್ಟೀಲ್ ಲೋಟವನ್ನೂ ನೋಡಿ. ಸುಮ್ಮನಿದ್ದಾಗ ನಿಂತಿರುತ್ತದೆ. ಪಕ್ಕದಲ್ಲಿ ಮಿಕ್ಸಿ ಓಡಿಸಿದರೆ ಇಳಿಜಾರಿನ ಕಡೆಗೆ ಸ್ವಲ್ಪಸ್ವಲ್ಪವೇ ಸರಿಯುತ್ತದೆ. ಬೋಲ್ಟೂ ಹಾಗೆಯೇ ಅನ್ನುವುದನ್ನು 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಪ್ರಯೋಗದಿಂದ ತೋರಿಸಿದರು. ಅಡ್ಡಡ್ಡ ಅಲುಗಾಟಕ್ಕೆ ಬೋಲ್ಟ್ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತದೆ. ಬಾಗಿಲನ್ನು ಧಡ್ ಎಂದು ಹಾಕಿದಾಗ ಕನ್ನಡಿಗೆ ಬೀಳುವುದೂ ಇಂಥದೇ ಅಲುಗಾಟ. ಇದಕ್ಕೆ ಎಲ್ಲರೂ ಸ್ಪ್ರಿಂಗ್ ವಾಷರ್ (ಒಂದು ಕಡೆ ಸೀಳಿ ತಿರುಚಿದ ಬಿಲ್ಲೆ) ಹಾಕುತ್ತಾರೆ, ಅಲ್ವಾ? ನಾಸಾ 1990ರಲ್ಲಿ ತಂದ ಫಾಸ್ಟನರ್ ಕೈಪಿಡಿ, ಬಿಚ್ಚದಂತೆ ತಡೆಯಲು ಅದರಿಂದ ಪ್ರಯೋಜನವಿಲ್ಲ ಎಂದೇ ಹೇಳಿದೆ. ಬಿಗಿದ ಮೇಲೆ ಅದು ಚಪ್ಪಟೆಯಾಗಿ ಮಾಮೂಲಿ ವಾಷರ್ ಆಗಿಬಿಡುತ್ತದೆ.

ಮತ್ತೆ ತೆಳು ತಗಡಿಗೆ ಬರೋಣ. ಈ ತೊಂದರೆ ಹಿಂದೆ ವಿಮಾನಗಳನ್ನೂ ಕಾಡಿತ್ತು. 1930ರ ದಶಕದಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿ ರೆಕ್ಕೆಯ ಅಂಚಿಗೆ ಹಿಮ ಒಡೆಯುವ ರಬ್ಬರ್ ಹೊದಿಕೆ ಕೂರಿಸಬೇಕಿತ್ತು. ರೆಕ್ಕೆಯ ತಗಡು ತೆಳು, ಒಳಗೆ ಕೈ ಹಾಕಿ ನಟ್ ಹಿಡಿಯುವ ಹಾಗಿಲ್ಲ. ಆಗ ಹುಟ್ಟಿದ್ದು ರಿವೆಟ್ ನಟ್. ಬೆರಳುಗುರಿನಷ್ಟು ಉದ್ದದ ಕೊಳವೆ, ಹೊರಗೆ ಒಂದು ಅಂಚು, ಒಳತುದಿಯಲ್ಲಿ ಆಟೆ. ನಡುವಿನ ಗೋಡೆ ತೆಳು. ಉಪಕರಣದಿಂದ ಆಟೆಯನ್ನು ಹೊರಕ್ಕೆ ಎಳೆದರೆ ಆ ಗೋಡೆ ತಗಡಿನ ಹಿಂದೆ ಉಬ್ಬಿ ಮಡಚಿಕೊಳ್ಳುತ್ತದೆ, ಕಾಲುಚೀಲ ಕೆಳಕ್ಕೆ ತಳ್ಳಿದಾಗ ಸುತ್ತಿಕೊಳ್ಳುವ ಹಾಗೆ. ತಗಡು ಎರಡು ತುಟಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಈಗ ಬೋಲ್ಟಿಗೆ ಐದಾರು ಆಟೆ ಸಿಕ್ಕಿತು.

ನಾಗದೇವಿ ಸ್ಟ್ರೀಟಿನಲ್ಲಿ ಎಂ6 ಉಕ್ಕಿನ ರಿವೆಟ್ ನಟ್ ತಂದೆ. ಮೈ ನುಣ್ಣಗಿರುವುದು ಬೇಡ, ಗೀರುಗಳಿರುವುದೇ ಬೇಕು. ಇಲ್ಲದಿದ್ದರೆ ನಟ್ಟೇ ತೂತಿನಲ್ಲಿ ಸುತ್ತುತ್ತದೆ. ಕಿಟಕಿ ಗಾಜನ್ನು ಪೂರ್ತಿ ಮೇಲಕ್ಕೇರಿಸಿ, ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿ, 9 ಮಿ.ಮೀ. ತೂತು ಕೊರೆದೆ. ಮುಂಬೈಯ ಉಪ್ಪು ಗಾಳಿಗೆ ಬರಿ ಅಂಚು ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿಗೆ ಸತುವಿನ ಪ್ರೈಮರ್ ಬಳಿದೆ. ನಟ್ ಕೂರಿಸಿ, ಬೋಲ್ಟಿಗೆ ಒಂದು ಹನಿ ನೀಲಿ ಥ್ರೆಡ್‌ಲಾಕರ್ (ಆಟೆ ಬಿಚ್ಚದಂತೆ ಹಿಡಿಯುವ ಅಂಟು) ಹಾಕಿ ಕನ್ನಡಿ ಬಿಗಿದೆ.

ಕೊನೆಗೆ ಗಾಜನ್ನು ನಿಧಾನವಾಗಿ ಕೆಳಗಿಳಿಸಿದೆವು, ಬೋಲ್ಟಿನ ತುದಿ ತಾಗುತ್ತದೇನೋ ಅಂತ. ಒಂದು ಬೋಲ್ಟಿನ ಹತ್ತಿರ ಸಣ್ಣಗೆ ಕಿರ್ ಎಂದಿತು. ಅದನ್ನು ಬಿಚ್ಚಿ ನಾಲ್ಕು ಮಿ.ಮೀ. ಕತ್ತರಿಸಿ ಮತ್ತೆ ಹಾಕಿದೆ. ಮಾವ ತಾವೇ ಬಾಗಿಲನ್ನು ಹತ್ತು ಸಲ ಧಡ್ ಧಡ್ ಹಾಕಿದರು. ಕನ್ನಡಿಯಲ್ಲಿ ಹಿಂದಿನ ಬೀದಿ ಒಂದು ಚೂರೂ ಸರಿಯಲಿಲ್ಲ.