ಟೈಫಾಯ್ಡ್ ರೋಗಾಣುವಿನ ಮನೆ ಹೆಸರು

ಕೊಡಗಿನಲ್ಲಿ ಪರಿಚಯವಾದ ಕೂಡಲೇ ಕೇಳುವುದು ಯಾವ ಒಕ್ಕ ಅಂತ. ಕೊಡವರ ಹೆಸರಿನಲ್ಲಿ ಮನೆತನದ್ದು ಮೊದಲು, ಸ್ವಂತದ್ದು ಆಮೇಲೆ. ಮಡಿಕೇರಿಯ ಲ್ಯಾಬಿನಲ್ಲಿ ಕೂತು ನಾನು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ವಿಚಾರಿಸುವುದೂ ಹೆಚ್ಚುಕಮ್ಮಿ ಹೀಗೆಯೇ.

ಇದರಲ್ಲಿ 2,500ಕ್ಕೂ ಜಾಸ್ತಿ ಬಗೆಗಳಿವೆ. ಮೈಕ್ರೋಸ್ಕೋಪಿನಲ್ಲಿ ಎಲ್ಲವೂ ಒಂದೇ ಥರದ ಸಣ್ಣ ಕಡ್ಡಿಗಳು. ಬೇರೆ ಬೇರೆ ಅಂತ ಹೇಳುವುದು ಆಂಟಿಜನ್, ಅಂದರೆ ನಮ್ಮ ರಕ್ತದ ಪ್ರತಿಕಾಯಗಳು ಗುರುತು ಹಿಡಿಯುವ ಭಾಗ. ಹೊರಗೋಡೆಯದು 'ಓ', ಈಜುವ ಬಾಲದ್ದು 'ಎಚ್'. ಕೌಫ್‌ಮನ್ ಮತ್ತು ವೈಟ್ ಹೆಸರಿನ ಪಟ್ಟಿ ಇದರ ಮೇಲೆಯೇ ನಿಂತಿದೆ. ಟೈಫಾಯ್ಡ್ ತರುವ ಟೈಫಿಯ ಓಗೆ ಆ ಪಟ್ಟಿ ಕೊಟ್ಟ ಸಂಖ್ಯೆ 9 ಮತ್ತು 12. ಮೊಟ್ಟೆಯಿಂದ ಹೊಟ್ಟೆ ಕೆಡಿಸುವ ಎಂಟೆರಿಟೈಡಿಸ್‌ನದೂ ಅದೇ 9, 12! ಒಂದೇ ಮನೆಯವು. ಬಾಲ ನೋಡಿದರೆ ಟೈಫಿಯದು 'ಡಿ', ಇದರದ್ದು 'ಜಿ, ಎಂ'.

ಕೆಲಸ ಸರಳ. ಗಾಜಿನ ಮೇಲೆ ಒಂದು ಹನಿ ಸಲೈನ್, ಅದರಲ್ಲಿ ಚೂರು ಬ್ಯಾಕ್ಟೀರಿಯಾ ಕದಡಿ, 9ರ ಆಂಟಿಸೀರಮ್ (9ನ್ನು ಹಿಡಿಯುವ ಪ್ರತಿಕಾಯವಿರುವ ದ್ರವ) ಬಿಟ್ಟು ಗಾಜನ್ನು ಓಲಾಡಿಸಬೇಕು. ಹಾಲಿನಂತಿದ್ದ ಹನಿ ರವೆ ರವೆಯಾಗಿ ಒಡೆದರೆ ಮನೆ ಸಿಕ್ಕಿತು. ಟೈಫಿ ಮಾತ್ರ ಕೆಲವು ಸಲ ಆಟ ಆಡಿಸುತ್ತದೆ. ಅದರ ಮೈಮೇಲೆ 'ವಿಐ' ಅನ್ನೋ ಹೊದಿಕೆ. ಮಳೆಯಲ್ಲಿ ಕೊಪ್ಪೆ ಹಾಕಿ ಹೋಗುವವರ ಮುಖ ಕಾಣಲ್ಲ ಅಲ್ವಾ, ಹಾಗೆ. ಅದೇ ಬ್ಯಾಕ್ಟೀರಿಯಾವನ್ನು ಸಲೈನಿನಲ್ಲಿ ಕದಡಿ, ಕುದಿಸಿ ಆರಿಸಿ, ಮತ್ತೆ ಆಂಟಿಸೀರಮ್ ಬಿಟ್ಟು ನೋಡಿದರೆ ಹೊದಿಕೆ ಕಳಚಿ ಗಂಟು ಕಟ್ಟುತ್ತದೆ. ಇಷ್ಟು ವರ್ಷವಾದರೂ ನನಗೆ ಇದು ನೋಡಲು ಖುಷಿ.

1896ರಲ್ಲಿ ಫ್ರಾನ್ಸಿನ ವೈದ್ಯ ವಿಡಾಲ್ ಇದನ್ನೇ ತಿರುಗಿಸಿದರು; ಆ ಪರೀಕ್ಷೆಗೂ ಅವರದೇ ಹೆಸರು. ಗೊತ್ತಿರುವ ರೋಗಾಣು ಇಟ್ಟುಕೊಂಡು ರೋಗಿಯ ರಕ್ತದಲ್ಲಿ ಪ್ರತಿಕಾಯ ಹುಡುಕುವುದು. ತೊಡಕು ಇಲ್ಲೇ. 12 ಅನ್ನೋದು ಇನ್ನೂ ಎಷ್ಟೋ ಸಾಲ್ಮೊನೆಲ್ಲಾಗಳಲ್ಲಿದೆ. ಹಳೆಯ ಸೋಂಕು, ನೆಂಟ ಸಾಲ್ಮೊನೆಲ್ಲಾಗಳ ಸೋಂಕು, ಲಸಿಕೆ, ಯಾವುದರಿಂದಲೂ ಪ್ರತಿಕಾಯ ಏರಬಹುದು. ಜ್ವರ ಬಂದ ಮೊದಲ ವಾರ ನಿಜವಾದ ಟೈಫಾಯ್ಡಿನಲ್ಲೂ ಏರದೇ ಇರಬಹುದು. ಒಂದೇ ಒಂದು ವಿಡಾಲ್ ನೋಡಿ ಮಾತ್ರೆ ಬರೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಹಿಂದೊಂದು ಕಕ್ಕಡದ ಮಳೆಯಲ್ಲಿ ತೋಟದ ಲೈನ್ ಮನೆಯ ಕಾರ್ಮಿಕರೊಬ್ಬರು ಬಂದಿದ್ದರು. ಕೈಯಲ್ಲಿ ಬೇರೆ ಕಡೆಯ ವಿಡಾಲ್ ರಿಪೋರ್ಟ್, ಓ 1:80, ಅಂದರೆ ರಕ್ತದ ಸೀರಮ್ ಅನ್ನು 80 ಪಟ್ಟು ತೆಳು ಮಾಡಿದರೂ ಗಂಟು ಕಟ್ಟಿತ್ತು. "ಟೈಫಾಯ್ಡ್ ಅಂತ ಹೇಳಿದ್ರು ಸಾರ್." ಆಂಟಿಬಯೋಟಿಕ್ ಶುರುವಾಗಿ ನಾಲ್ಕು ದಿನ. ಗದ್ದೆಯಲ್ಲೂ ಕೆಲಸ ಮಾಡಿದ್ದರು, ಇಲಿ ಜ್ವರವೂ ಇರಬಹುದಿತ್ತು. ರಕ್ತ ತೆಗೆದು, ರೋಗಾಣು ಇದ್ದರೆ ಬೆಳೆಯಲಿ ಅಂತ ಕಲ್ಚರ್ ಬಾಟಲಿಗೆ ಹಾಕಿದೆವು. ಏನೂ ಬೆಳೆಯಲಿಲ್ಲ. ರೋಗಾಣು ಇರಲಿಲ್ಲವೋ, ಮಾತ್ರೆಗೆ ಸತ್ತಿತ್ತೋ, ಬಾಟಲಿ ಹೇಳುವುದಿಲ್ಲ.